ಹಳೇ ಕಾಲದ ನೆಲೆಗಳೆಲ್ಲ ಬಳ್ಳಾರಿ–ರಾಯಚೂರು ಕಡೆಗೇ ಯಾಕೆ? ಆಗ ಕೊಡಗಿನಲ್ಲಿ ಯಾರೂ ಇರಲಿಲ್ವಾ?

ಏಲಕ್ಕಿಮಲೆ (ಸೋಮವಾರಪೇಟೆ)

ಮಗಳಿಗೆ ಶಾಲೆಯಲ್ಲಿ ಕರ್ನಾಟಕದ ನಕ್ಷೆ ಕೊಟ್ಟು ನವಶಿಲಾಯುಗದ (ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿ ಬಳಸುತ್ತಿದ್ದ ಕಾಲದ) ನೆಲೆಗಳನ್ನು ಗುರುತಿಸಲು ಹೇಳಿದ್ದಾರೆ. ಇಬ್ಬರೂ ಕೂತು ಚುಕ್ಕಿ ಹಾಕಿದೆವು. ಸಂಗನಕಲ್ಲು, ತೆಕ್ಕಲಕೋಟೆ, ಮಸ್ಕಿ, ಪಿಕ್ಲಿಹಾಳ, ಬೂದಿಹಾಳ, ಬ್ರಹ್ಮಗಿರಿ. ಬಳ್ಳಾರಿ, ರಾಯಚೂರು, ಯಾದಗಿರಿ, ಚಿತ್ರದುರ್ಗದ ಕಡೆ ಪೆನ್ಸಿಲ್ ಇಡಲು ಜಾಗ ಇಲ್ಲ. ಕೆಳಗೆ ಬಂದರೆ ಪುಸ್ತಕದಲ್ಲಿ ಟಿ. ನರಸೀಪುರ ಒಂದು ಸಿಕ್ಕಿತು. ಕೊಡಗು ಪೂರ್ತಿ ಖಾಲಿ.

ಇದು ನನಗೆ ತಲೆಗೆ ಹೋಗುತ್ತಿಲ್ಲ. ನೀರು ಬೇಕು, ನೆರಳು ಬೇಕು, ಬೇಟೆ ಬೇಕು ಅಂದರೆ ಮನುಷ್ಯ ನಮ್ಮ ಕಡೆ ಬರಬೇಕಿತ್ತು ತಾನೇ? ಬಿಸಿಲಲ್ಲಿ ಬೇಯುವ ಬಂಡೆಗಳ ನಡುವೆ ಹೋಗಿ ಯಾಕೆ ಕೂತರು? ಅಥವಾ ಇಲ್ಲೂ ಇದ್ದರು, ನಮಗೆ ಸಿಕ್ಕಿಲ್ಲ ಅಷ್ಟೇನಾ? ತಿಳಿದವರು ಹೇಳಿ.

ಸಂತೆ ಬುಧವಾರ

ಜಿಗಣೆ ಕಾಟ ತಡೆಯಲಾರದೆ ಓಡಿ ಹೋಗಿರುತ್ತಾರೆ ಬಿಡಿ.

ಬಿಸಿಲೂರು (ಮಡಿಕೇರಿ)

ಜಿಗಣೆ ಅಂದದ್ದು ತಮಾಷೆಗೆ ಇರಬಹುದು, ಪೂರ್ತಿ ಸುಳ್ಳೂ ಅಲ್ಲ ಅನ್ನಿಸುತ್ತೆ. ನಾನು ಹುಟ್ಟಿದ್ದು ಬಳ್ಳಾರಿ ಕಡೆ, ಇಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಹವೆ. ನಮ್ಮೂರಿಗೆ ವರ್ಷಕ್ಕೆ ಸುಮಾರು 20 ಇಂಚು ಮಳೆ, ಅಂದರೆ 500 ಮಿ.ಮೀ. ಆಸುಪಾಸು. ಅದರಲ್ಲೂ ಜಾಸ್ತಿ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಮುಂಗಾರಿನ ಮೋಡ ತನ್ನ ನೀರನ್ನೆಲ್ಲ ನಿಮ್ಮ ಘಟ್ಟದ ಮೇಲೇ ಸುರಿದು, ಖಾಲಿ ಕೈಯಲ್ಲಿ ನಮ್ಮ ಕಡೆ ಬರುತ್ತೆ. ಅರೆಶುಷ್ಕ ಅಂತ ಒಂದು ಪ್ರದೇಶವನ್ನು ಕರೆಯುವಾಗ ಬರೀ ಮಳೆಯ ಲೆಕ್ಕ ನೋಡುವುದಿಲ್ಲ. ನೆಲದಿಂದ, ಗಿಡದಿಂದ ವರ್ಷಕ್ಕೆ ಎಷ್ಟು ನೀರು ಆವಿಯಾಗಿ ಹೋಗಬಲ್ಲದು ಅಂತ ಅಂದಾಜು ಮಾಡುತ್ತಾರೆ. ಬೀಳುವ ಮಳೆ ಅದರ ಐದನೇ ಒಂದು ಭಾಗದಿಂದ ಅರ್ಧದೊಳಗೆ ಇದ್ದರೆ ಅದು ಅರೆಶುಷ್ಕ. ಬಳ್ಳಾರಿ, ರಾಯಚೂರು, ಕೊಪ್ಪಳ, ಚಳ್ಳಕೆರೆ ಎಲ್ಲ ಇದರಲ್ಲೇ ಬರುತ್ತವೆ.

ಇನ್ನು ಜನ. ಅವರು ದನಗಾಹಿಗಳು. ಇದನ್ನು ಮರೆತರೆ ಏನೂ ಅರ್ಥ ಆಗುವುದಿಲ್ಲ. ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಕುಡತಿನಿ ಅಂತ ಊರಿದೆ. ಅಲ್ಲಿ ಒಂದು ಬೂದಿದಿಬ್ಬ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಅಂತ ಜನ ಹೇಳುತ್ತಾರೆ. ಹಂಪಿ ಪಕ್ಕ ನಿಂಬಾಪುರದ ದಿಬ್ಬಕ್ಕೆ ವಾಲಿಯ ಚಿತೆ ಅನ್ನುತ್ತಾರೆ. ಬೂದಿ ಅನ್ನುವುದನ್ನು ಜನ ಸರಿಯಾಗೇ ಗುರುತಿಸಿದ್ದಾರೆ, ನೋಡಿ. ಆದರೆ ಅದು ಸಗಣಿಯ ಬೂದಿ. ದೊಡ್ಡಿಯಲ್ಲಿ ವರ್ಷಗಟ್ಟಲೆ ಸೇರಿದ ಸಗಣಿಗೆ ಬೆಂಕಿ ಇಟ್ಟಿದ್ದಾರೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಕೆಲವು ಕಡೆ ಶಾಖ ಎಷ್ಟಿತ್ತು ಅಂದರೆ ಬೂದಿ ಕರಗಿ, ಹೆಪ್ಪುಗಟ್ಟಿ, ಕಮ್ಮಾರನ ಕುಲುಮೆಯ ಕಿಟ್ಟದ ಹಾಗೆ ಆಗಿದೆ. ಕೈಯಲ್ಲಿ ಹಿಡಿದರೆ ಹಗುರ, ಒಳಗೆಲ್ಲ ತೂತು. 1957ರಲ್ಲಿ ಆಲ್ಚಿನ್ ಅನ್ನುವವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥ ದಿಬ್ಬ ಅಗೆದಾಗ, ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಸುಮಾರು 5,000 ವರ್ಷದ ಹಿಂದಿನ ಗೊರಸು!

ಇಷ್ಟು ದನ ಸಾಕಲು ಹುಲ್ಲು ಬೇಕು, ಬಯಲು ಬೇಕು. ಕುರುಚಲು ಕಾಡಾದರೆ ಬೆಂಕಿ ಹಾಕಿ, ಕಲ್ಲಿನ ಕೊಡಲಿಯಲ್ಲಿ ಕಡಿದು ಜಾಗ ಮಾಡಬಹುದು. ಭಾಗಮಂಡಲದ ಕಾಡಲ್ಲಿ ಹಾಗೆ ಮಾಡಿ ನೋಡೋಣ? ನೀರಿಗೆ ಬಂಡೆಗುಡ್ಡಗಳ ದೊಣೆಗಳು, ಬುಡದಲ್ಲಿ ಜಿನುಗುವ ಸಣ್ಣ ಹಳ್ಳಗಳು. ಅದಕ್ಕೇ ಊರುಗಳೆಲ್ಲ ಗುಡ್ಡದ ಮೇಲೆ, ಬಂಡೆಗಳ ಸಂದಿಯಲ್ಲಿ. ಅವರು ಒಣ ನಾಡನ್ನು ಬೇಕಂತಲೇ ಆರಿಸಿಕೊಂಡರು, ಇದು ನನ್ನ ಅಭಿಪ್ರಾಯ.

ಹಾರಂಗಿ ದಂಡೆ

ಮೇಷ್ಟ್ರೇ, ಬ್ರಹ್ಮಗಿರಿಯೂ ಆ ಪಟ್ಟಿಯಲ್ಲಿ ಇದೆಯಲ್ಲ. ಅದು ನಮ್ಮ ತಲಕಾವೇರಿ ಬೆಟ್ಟ ಅಲ್ವಾ?

ಬಿಸಿಲೂರು

ಅಲ್ಲ. ಅದು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ. ಅಶೋಕನ ಶಾಸನ ಇರುವ ಜಾಗ, ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದರು. ಕೆಳಗೆ ಕಲ್ಲಿನ ಕೊಡಲಿಯವರು, ಮೇಲೆ ಕಬ್ಬಿಣ ಮತ್ತು ಕಲ್ಲುಗೋರಿಯವರು, ಅದರ ಮೇಲೆ ಶಾತವಾಹನರ ಕಾಲ ಅಂತ ಪದರ ಪದರವಾಗಿ ತೋರಿಸಿಕೊಟ್ಟರು. ಕಲ್ಲಿನ ಕೊಡಲಿಯವರದು ಕ್ರಿ.ಪೂ. 1000ದ ಈಚಿನ ಕಾಲ ಅಂತ ಅವರು ಅಂದುಕೊಂಡಿದ್ದರು. ಆಮೇಲೆ ಹಳೇ ಇದ್ದಿಲು, ಮೂಳೆಯ ವಯಸ್ಸು ಅಳೆಯುವ ಕಾರ್ಬನ್ ಪರೀಕ್ಷೆ ಬಂದು ಈ ನಾಡಿನ ನವಶಿಲಾಯುಗ ಕ್ರಿ.ಪೂ. 3000ದವರೆಗೆ ಹಿಂದಕ್ಕೆ ಹೋಯಿತು.

ನಾಪೋಕ್ಲು ಗದ್ದೆಮನೆ

ನಾನು ಇತಿಹಾಸ ಓದಿದವಳಲ್ಲ, ತೋಟದವಳು. ಆದರೆ ಒಂದು ಮಾತು. ನಾವು ಎರಡು ಮೂರು ವರ್ಷಕ್ಕೊಮ್ಮೆ ಕಾಫಿ ತೋಟಕ್ಕೆ ಸುಣ್ಣ ಹಾಕುತ್ತೇವೆ. ಯಾಕೆ? ಮಣ್ಣು ಹುಳಿ. ಮಣ್ಣು ಪರೀಕ್ಷೆಯ ಚೀಟಿ ತೆಗೆದು ನೋಡಿ, ಪಿಎಚ್ ಐದರ ಆಸುಪಾಸು ಇದ್ದರೆ ಯಾರೂ ಆಶ್ಚರ್ಯ ಪಡುವುದಿಲ್ಲ. ಇಷ್ಟು ಮಳೆ ಬಿದ್ದರೆ ಮಣ್ಣಿನಲ್ಲಿರುವ ಸುಣ್ಣದ ಅಂಶ ತೊಳೆದು ಹೊಳೆಗೆ ಹೋಗುತ್ತೆ.

ಮೂಳೆ ಅಂದರೆ ಏನು? ಅದರಲ್ಲಿ ಇರುವುದೂ ಸುಣ್ಣದ ಅಂಶವೇ. ಅಂಥ ಮಣ್ಣಲ್ಲಿ ಹೂತ ಮೂಳೆ ಎಷ್ಟು ದಿನ ಉಳಿಯುತ್ತೆ? ನಮ್ಮ ತೋಟದಲ್ಲಿ ಹೂತ ಹಸುವಿನ ಜಾಗವನ್ನು ವರ್ಷಗಳ ಮೇಲೆ ಗಿಡ ನೆಡಲು ಅಗೆದರು. ಹಲ್ಲು ಬಿಟ್ಟರೆ ಕೈಗೆ ಸಿಕ್ಕಿದ್ದು ಪುಡಿ. ಮೇಷ್ಟ್ರು ಹೇಳಿದ ಬೂದಿದಿಬ್ಬದಲ್ಲಿ ಇದಕ್ಕೆ ತದ್ವಿರುದ್ಧ. ಬೂದಿ ಕ್ಷಾರ, ಮೇಲಿಂದ ಮಳೆಯೂ ಕಡಿಮೆ. ಅಲ್ಲಿ ಮೂಳೆ ಉಳಿಯದೆ ಇನ್ನೆಲ್ಲಿ ಉಳಿಯಬೇಕು?

ಮನೆಗಳೂ ಹಾಗೇ. ಇಲ್ಲಿ ಯಾರೇ ಇದ್ದರೂ ಮರ, ಬಿದಿರು, ಹುಲ್ಲಿನಲ್ಲೇ ಕಟ್ಟಿರುತ್ತಾರೆ. ಗೆದ್ದಲು ಮತ್ತು ಮಳೆ ಸೇರಿದರೆ ಹತ್ತಿಪ್ಪತ್ತು ವರ್ಷದಲ್ಲಿ ಎಲ್ಲ ಮಣ್ಣು. ಹಾಗಾಗಿ ನಕ್ಷೆಯಲ್ಲಿ ಕೊಡಗು ಖಾಲಿ ಇದ್ದರೆ ನಾಡು ಖಾಲಿ ಇತ್ತು ಅಂತ ಹೇಳಲು ಆಗುವುದಿಲ್ಲ. ಮಳೆ ಎಲ್ಲಿ ಅಳಿಸಿಲ್ಲವೋ ಅಲ್ಲಿ ಚುಕ್ಕಿ ಬಿದ್ದಿದೆ.

ಏಲಕ್ಕಿಮಲೆ

ಅಕ್ಕ, ಸುಣ್ಣದ ಮಾತು ಚೆನ್ನಾಗಿ ಹೇಳಿದಿರಿ. ಹೀಗೆ ಯೋಚಿಸಿಯೇ ಇರಲಿಲ್ಲ.

ಬಿಸಿಲೂರು

ಅಕ್ಕ ಹೇಳಿದ್ದರಲ್ಲಿ ಮುಕ್ಕಾಲು ಒಪ್ಪುತ್ತೇನೆ. ಮೂಳೆ ಕರಗುತ್ತೆ, ಮರ ಹೋಗುತ್ತೆ, ಸರಿ. ಆದರೆ ಕಲ್ಲಿನ ಕೊಡಲಿ ಕರಗುವುದಿಲ್ಲ. ಮಡಕೆ ಚೂರು ಸವೆದರೂ ಅಷ್ಟು ಬೇಗ ಇಲ್ಲವಾಗುವುದಿಲ್ಲ.

ಸಂಗನಕಲ್ಲಿನ ಹಿರೇಗುಡ್ಡಕ್ಕೆ ಹೋಗಿ ನೋಡಬೇಕು. ಅಲ್ಲಿ ಕಪ್ಪು ಡಾಲರೈಟ್ ಕಲ್ಲಿನ ಪಟ್ಟಿ ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಹೋಗಿದೆ. ಅದನ್ನು ಒಡೆದು ಕೊಡಲಿ ಮಾಡುತ್ತಿದ್ದರು. ಕಾರ್ಖಾನೆ ಅಂದರೂ ತಪ್ಪಿಲ್ಲ. ಕಾಲಿಟ್ಟಲ್ಲೆಲ್ಲ ಚಕ್ಕೆಗಳು, ಅರ್ಧ ಆದ ಕೊಡಲಿಗಳು, ಮುರಿದು ಬಿಸಾಡಿದವು. ಪಕ್ಕದ ಬಂಡೆಯಲ್ಲಿ ಕೊಡಲಿಯ ಅಂಚನ್ನು ಉಜ್ಜಿ ಉಜ್ಜಿ ಆದ ಉದ್ದನೆ ಗುಳಿಗಳಿವೆ. ಬೆರಳು ಇಟ್ಟರೆ ನುಣುಪು, ನಮ್ಮ ಅಜ್ಜಿಯ ಕಾಲದ ಒರಳಿನಷ್ಟು ನುಣುಪು. ಅಲ್ಲೇ ಕುಪ್ಪಗಲ್ಲಿನ ಕಡೆ ಕಪ್ಪು ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳು, ಉದ್ದ ಕೊಂಬು, ಎತ್ತರದ ಇಣಿ. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತೆ.

ಕೊಡಗಿನಲ್ಲಿ 1850ರ ದಶಕದಿಂದ ದೊಡ್ಡ ಮಟ್ಟದಲ್ಲಿ ಕಾಫಿ ನೆಡುತ್ತಾ ಬಂದಿದ್ದಾರೆ. ಗುಡ್ಡ ಗುಡ್ಡವನ್ನೇ ಗುಂಡಿ ತೆಗೆದಿದ್ದಾರೆ. ಇಲ್ಲಿ ಅಂಥ ಜನ ಸಾವಿರಗಟ್ಟಲೆ ಇದ್ದಿದ್ದರೆ ಗುಂಡಿ ಗುಂಡಿಯಲ್ಲೂ ಕೊಡಲಿ ಸಿಗಬೇಕಿತ್ತು.

ನಾಪೋಕ್ಲು ಗದ್ದೆಮನೆ

ಸಿಕ್ಕಿದ್ದರೂ ಗುಂಡಿ ತೆಗೆಯುವವರಿಗೆ ಅದು ಕಲ್ಲು ಅಷ್ಟೇ ಮೇಷ್ಟ್ರೇ. ದಿನಕ್ಕೆ ಇಷ್ಟು ಗುಂಡಿ ಅಂತ ಲೆಕ್ಕ. ಕಲ್ಲು ಬಂದರೆ ಪಕ್ಕಕ್ಕೆ ಎಸೆಯುತ್ತಾರೆ. ನಿಮ್ಮ ಕಡೆ ನೆಲ ಬೋಳು, ಬಿದ್ದದ್ದು ಬಿಸಿಲಿಗೆ ಕಾಣುತ್ತೆ. ಇಲ್ಲಿ ಒಂದು ಅಡಿ ತರಗೆಲೆ, ಅದರ ಮೇಲೆ ಕಳೆ. ಕಳೆದ ವಾರ ಬಿದ್ದ ಕತ್ತಿಯೇ ನಮಗೆ ಸಿಗುವುದಿಲ್ಲ.

ಕೊಡ್ಲಿಪೇಟೆ ಕಾಕ

ಎಲ್ಲರೂ ಕೊಡಗು ಖಾಲಿ ಖಾಲಿ ಅಂತಿದ್ದೀರಿ. ನವಶಿಲಾಯುಗ ಬಿಡಿ, ಅದರ ಮುಂದಿನ ಕಬ್ಬಿಣ ಯುಗಕ್ಕೆ ಬನ್ನಿ. ದೊಡ್ಡಮಳ್ತೆಯ ಮೋರಿಬೆಟ್ಟ ನೋಡಿಲ್ವಾ? ಏಲಕ್ಕಿಮಲೆಯವರೇ, ನಿಮ್ಮ ಸೋಮವಾರಪೇಟೆ ಪಕ್ಕದಲ್ಲೇ ಇದೆಯಲ್ಲ! ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲುಗೋರಿಗಳು. ಹೆಗ್ಗಡಹಳ್ಳಿಯಲ್ಲೂ ಪುರಾತತ್ವದವರು ಅಗೆದು ನೋಡಿದ್ದಾರೆ. ವಿರಾಜಪೇಟೆ ಕಡೆಯವನ್ನು ಬ್ರಿಟಿಷರ ಕಾಲದಲ್ಲೇ ಅಧಿಕಾರಿಗಳು ಬಿಚ್ಚಿಸಿದ್ದರು. ಹಳಬರು ಪಾಂಡವರ ಹೆಸರು ಹೇಳಿ, ಪಾಂಡು ಪಾರೆ ಅಂತ ಕರೆಯುತ್ತಿದ್ದರು.

ಇನ್ನೊಂದು ವಿಷಯ. ಕೊಡಗು ಅಂದ ತಕ್ಷಣ ಎಲ್ಲರಿಗೂ ಭಾಗಮಂಡಲದ ಮಳೆ. ಅಲ್ಲಿ ಒಳ್ಳೆ ವರ್ಷ 200 ಇಂಚು ದಾಟುತ್ತೆ, ನಿಜ. ಮಡಿಕೇರಿಗೆ ಬಂದರೆ 120–130. ಕುಶಾಲನಗರಕ್ಕೆ ಇಳಿದರೆ ಸುಮಾರು 40. ರಸ್ತೆಯಲ್ಲಿ 70 ಕಿ.ಮೀ. ಆಸುಪಾಸಿನಲ್ಲಿ ಐದು ಪಟ್ಟು ವ್ಯತ್ಯಾಸ! ಹೆಬ್ಬಾಲೆ, ಶಿರಂಗಾಲದ ಕಡೆ ನಿಂತರೆ ನೀವು ಪಿರಿಯಾಪಟ್ಟಣದ ಬಯಲುಸೀಮೆಯಲ್ಲೇ ಇದ್ದೀರಿ. ಹಳೇ ಜನ ಹುಡುಕಬೇಕಾದರೆ ಆ ಪೂರ್ವದ ಅಂಚಿನಲ್ಲಿ ಹುಡುಕಿ. ಮಳೆಯೂ ಮಿತ, ಹೊಳೆಯೂ ಹತ್ತಿರ.

ಹಾರಂಗಿ ದಂಡೆ

ಕಾಕ ಹೇಳಿದ್ದು ನಮ್ಮ ಕಡೆಗೆ ಸರಿಯಾಗಿ ಹೊಂದುತ್ತೆ. ಇಲ್ಲಿ ಜೋಳ, ಶುಂಠಿ, ಹೊಗೆಸೊಪ್ಪು ಬೆಳೆಯುತ್ತಾರೆ, ಮಡಿಕೇರಿಯವರು ಅದನ್ನು ಕೊಡಗು ಅಂತಲೇ ಒಪ್ಪುವುದಿಲ್ಲ!

ನನ್ನದೊಂದು ಪ್ರಶ್ನೆ. 5,000 ವರ್ಷದ ಹಿಂದೆಯೂ ಬಳ್ಳಾರಿಯಲ್ಲಿ 20 ಇಂಚೇ ಬೀಳುತ್ತಿತ್ತಾ? ಆಗ ಚೆನ್ನಾಗಿ ಮಳೆ ಇತ್ತು, ಕಾಡಿತ್ತು, ಆಮೇಲೆ ಒಣಗಿತು ಅಂತ ಯಾರೋ ಹೇಳಿದ್ದು ಕೇಳಿದ್ದೆ.

ಬಿಸಿಲೂರು

ಒಳ್ಳೆ ಪ್ರಶ್ನೆ. ಇಡೀ ಚರ್ಚೆಯ ಗಂಟು ಇಲ್ಲೇ ಇದೆ.

ಸುಮಾರು 10,000 ವರ್ಷದ ಹಿಂದಿನಿಂದ ಕೆಲವು ಸಾವಿರ ವರ್ಷ ಮುಂಗಾರು ಈಗಿಗಿಂತ ಜೋರಾಗಿತ್ತು. ಆಮೇಲೆ ನಿಧಾನಕ್ಕೆ ಇಳಿಯಿತು. ಮಹಾರಾಷ್ಟ್ರದ ಲೋಣಾರ್ ಕೆರೆಯ ತಳದ ಕೆಸರನ್ನು ಕೊಳವೆ ಇಳಿಸಿ ತೆಗೆದು, ಪದರ ಪದರವಾಗಿ ಪರೀಕ್ಷೆ ಮಾಡಿದ್ದಾರೆ. ಸುಮಾರು 4,600ರಿಂದ 3,900 ವರ್ಷದ ಹಿಂದೆ ಅಲ್ಲಿ ದೀರ್ಘ ಒಣಗಾಲ ಇದ್ದದ್ದು ಕಾಣುತ್ತೆ. ಮೇಘಾಲಯದ ಮಾವ್‌ಮ್ಲುಹ್ ಗುಹೆಯಲ್ಲಿ ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಕಲ್ಲಿನಲ್ಲೂ 4,200 ವರ್ಷದ ಹಿಂದೆ ಮುಂಗಾರು ಸೊರಗಿದ ಗುರುತಿದೆ. ಅದರ ಮೇಲೆಯೇ 2018ರಲ್ಲಿ ಈಗಿನ ಭೂಯುಗಕ್ಕೆ ಮೇಘಾಲಯನ್ ಅಂತ ಹೆಸರಿಟ್ಟರು.

ಈಗ ಬೂದಿದಿಬ್ಬದ ಕಾಲವನ್ನು ಪಕ್ಕದಲ್ಲಿಡಿ. ಕ್ರಿ.ಪೂ. 3000ದಿಂದ ಮುಂದಕ್ಕೆ. ಮಳೆ ಇಳಿಯುತ್ತಿದ್ದ ಕಾಲಕ್ಕೇ ದನಗಾಹಿಗಳು ದಖ್ಖನ್ನಿನಲ್ಲಿ ಹರಡಿದ್ದಾರೆ. ಮಳೆ ಕಡಿಮೆಯಾದಂತೆ ಕಾಡು ತೆಳುವಾಯಿತು, ಹುಲ್ಲುಗಾವಲು ಹಿಗ್ಗಿತು, ಅದು ದನಕ್ಕೆ ಅನುಕೂಲ ಆಯಿತು ಅನ್ನುವ ವಾದ ಇದೆ. ನನಗೆ ಅದು ಸರಿ ಕಾಣುತ್ತೆ. ನಮಗೆ ಬರ ಅನ್ನಿಸುವುದು ದನ ಕಾಯುವವನಿಗೆ ದಾರಿ ಬಿಟ್ಟ ಹಾಗೆ.

ಬೆಳೆಯೂ ಅದಕ್ಕೆ ತಕ್ಕಂತೆ. ಸಂಗನಕಲ್ಲಿನಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿ ಬಂದ ಸುಟ್ಟ ಕಾಳುಗಳನ್ನು ಆರಿಸಿ ನೋಡಿದ್ದಾರೆ. ಜಾಸ್ತಿ ಸಿಕ್ಕಿದ್ದು ಹುರಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಎಲ್ಲ ಕಡಿಮೆ ಮಳೆಗೆ ಬೇಗ ಬರುವ ಬೆಳೆ. ಗೋಧಿ, ಬಾರ್ಲಿ ಆಮೇಲೆ ಸ್ವಲ್ಪ ಸ್ವಲ್ಪ ಬಂದವು. ಕೊರಲೆಯನ್ನು ಈಗಲೂ ಶಿರಾ, ಮಧುಗಿರಿ, ಪಾವಗಡ ಕಡೆ ಬೆಳೆಯುತ್ತಾರೆ. ಸಿರಿಧಾನ್ಯ ಅಂತ ಪ್ಯಾಕೆಟ್ ಮಾಡಿ ಮಡಿಕೇರಿ ಅಂಗಡಿಯಲ್ಲೂ ಮಾರುತ್ತಾರೆ.

ಸಂತೆ ಬುಧವಾರ

ಆ ಪ್ಯಾಕೆಟ್ಟಿನ ಬೆಲೆ ನೋಡಿದರೆ 5,000 ವರ್ಷದಿಂದ ಗೋಡೌನಿನಲ್ಲಿ ಇಟ್ಟು ಬಾಡಿಗೆ ಸೇರಿಸಿದ ಹಾಗಿದೆ.

ನಾಪೋಕ್ಲು ಗದ್ದೆಮನೆ

ಲೋಣಾರ್ ಕೆರೆ ಅಂದ ಮೇಲೆ ನನಗೆ ಹೊಳೆದದ್ದು. ಮಳೆ ಎಷ್ಟಿತ್ತು ಅಂತ ತಿಳಿಯಲು ನೀವು ಕೆರೆಯ ಕೆಸರಿಗೇ ಹೋಗಬೇಕಾಯಿತು. ಒಣ ಬಂಡೆ ಅದನ್ನು ಹೇಳಲಿಲ್ಲ. ಹೂವಿನ ಪರಾಗ, ಎಲೆಯ ಅಂಶ ಎಲ್ಲ ಒದ್ದೆ ಕೆಸರಲ್ಲೇ ಉಳಿಯುವುದು. ಅಂದರೆ ನಮ್ಮ ಜೌಗು, ಹಳೇ ಕೆರೆಗಳಲ್ಲಿ ಹುಡುಕಿದರೆ ಕೊಡಗಿನಲ್ಲಿ ಯಾವಾಗ ಕಾಡು ಕಡಿದರು, ಯಾವಾಗ ಭತ್ತ ಬಂತು ಅನ್ನುವುದು ಸಿಗಬಹುದು. ಕೊಡಲಿ ಸಿಗದಿದ್ದರೆ ಪರಾಗ ಹುಡುಕಿ, ಮೇಷ್ಟ್ರೇ.

ಬಿಸಿಲೂರು

ಅಕ್ಕ, ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ. ನೀಲಗಿರಿಯ ಜೌಗು ಮಣ್ಣಿನಲ್ಲಿ ಇಂಥ ಕೆಲಸ ಆಗಿದೆ. ಕಾಡು ಯಾವಾಗ, ಹುಲ್ಲು ಯಾವಾಗ ಅಂತ 20,000 ವರ್ಷದ ಹಿಂದಿನವರೆಗೆ ಹೇಳುತ್ತಾರೆ.

ಕೊಡ್ಲಿಪೇಟೆ ಕಾಕ

ನೀರಿಲ್ಲದ ನಾಡಿನವರು ಸುಮ್ನೆ ಕೂತಿರಲಿಲ್ಲ, ಅದನ್ನೂ ಹೇಳಿ. ನಾನು ಹಿರೇಬೆಣಕಲ್ ಹತ್ತಿದ್ದೇನೆ, ಗಂಗಾವತಿ ಹತ್ತಿರ. ಸುಮಾರು 400 ಕಲ್ಲುಗೋರಿಗಳು, ಕ್ರಿ.ಪೂ. 800ರಿಂದ 200ರ ಕಾಲದವು ಅನ್ನುತ್ತಾರೆ. ಆಳೆತ್ತರ ಮೀರುವ ಚಪ್ಪಡಿಗಳು, ಒಂದರಲ್ಲಿ ದುಂಡಗಿನ ಕಿಂಡಿ. ಇಡೀ ಬೀದಿ ಬೀದಿಯಾಗಿ ನಿಂತಿವೆ. ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ. ನನಗೆ ಹಿಡಿಸಿದ್ದು ಅಲ್ಲೇ ಮಧ್ಯದ ಕೆರೆ. ಗುಡ್ಡದ ನೆತ್ತಿಯಲ್ಲಿ! ಕಲ್ಲು ತೆಗೆದ ಜಾಗವೇ ನೀರು ನಿಲ್ಲುವ ಜಾಗ ಆಗಿದೆ.

ಆಮೇಲೆ ಚಿತ್ರದುರ್ಗದ ಚಂದ್ರವಳ್ಳಿ. ಕದಂಬರ ಮಯೂರಶರ್ಮನ ಶಾಸನದಲ್ಲಿ ಇರುವುದೇ ಕೆರೆ ಕಟ್ಟಿಸಿದ ವಿಷಯ. ಹಂಪಿಯ ತುರ್ತಾ ಕಾಲುವೆ ವಿಜಯನಗರದ ಕಾಲದ್ದು, ಈಗಲೂ ಬಾಳೆ, ಭತ್ತಕ್ಕೆ ನೀರು ಕೊಡುತ್ತಿದೆ. ಹಾಗಂತ ಕೆರೆ ಕಾಲುವೆ ಎಲ್ಲವನ್ನೂ ಗೆದ್ದವು ಅಂತಲ್ಲ. 1876–78ರ ಧಾತು–ಈಶ್ವರ ಬರದಲ್ಲಿ ಬಳ್ಳಾರಿ ಕಡೆ ಜನ ಸತ್ತದ್ದು ಲೆಕ್ಕ ಇಲ್ಲ.

ಬಾಣೆಯ ಬದಿ

ತುಂಬಾ ಹೊತ್ತಿನಿಂದ ಓದುತ್ತಿದ್ದೇನೆ. ನನಗೆ ಒಂದು ಸಮಸ್ಯೆ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ, ಸೋಮವಾರಪೇಟೆ ತಾಲೂಕು ಅಂದುಕೊಳ್ಳಿ. ನಮ್ಮ ಬಾಣೆಯಲ್ಲಿ (ಗದ್ದೆಗೆ ಸೇರಿದ ಎತ್ತರದ ಜಾಗ) ನಾಲ್ಕು ಚಪ್ಪಡಿ ಪೆಟ್ಟಿಗೆಯ ಹಾಗೆ ನಿಂತಿವೆ, ಒಂದರಲ್ಲಿ ತೂತು. ಮುಚ್ಚಳದ ಕಲ್ಲು ಇಲ್ಲ. ಅದು ಎಲ್ಲಿ ಹೋಯಿತು ಅಂತ ಈಗ ಗೊತ್ತಾಯಿತು, ಕೆಳಗಿನ ತೋಡಿಗೆ ಹಾಕಿರುವ ಕಾಲುಸಂಕ ಅದೇ! ಅಜ್ಜನ ಕಾಲದಲ್ಲಿ ಹಾಕಿದ್ದಂತೆ. ನಾವೆಲ್ಲ ಅದರ ಮೇಲೇ ಓಡಾಡಿ ಬೆಳೆದದ್ದು.

ಮುಂದಿನ ತಿಂಗಳು ಅಲ್ಲಿ ಜೆಸಿಬಿ ತಂದು ದಾರಿ ಮಾಡಿಸಬೇಕು ಅಂತ ಅಣ್ಣ ಹಠ ಹಿಡಿದಿದ್ದಾನೆ. ಇನ್ನೊಂದು ಕಡೆ, ಕೆಳಗೆ ನಿಧಿ ಇದೆ ಅಂತ ಹೇಳಿಕೊಂಡು ಯಾರೋ ರಾತ್ರಿ ಬಂದು ಒಂದು ಮೂಲೆ ಕೆದಕಿ ಹೋಗಿದ್ದಾರೆ. ಏನು ಮಾಡಲಿ? ಇಲಾಖೆಗೆ ಹೇಳಿದರೆ ಜಾಗವೇ ಹೋಗುತ್ತೆ ಅಂತ ಮನೆಯಲ್ಲಿ ಹೆದರಿಕೆ.

ಬಿಸಿಲೂರು

ಮೊದಲು ಜೆಸಿಬಿ ನಿಲ್ಲಿಸಿ. ನಿಧಿಯ ವಿಷಯಕ್ಕೆ ಬಂದರೆ, ಇಂಥ ಗೋರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು–ಕೆಂಪು ಮಡಕೆ, ತುಕ್ಕು ಹಿಡಿದ ಕಬ್ಬಿಣದ ಕತ್ತಿ, ಬಾಣದ ಮೊನೆ, ಮಣಿ. ಮಾರಿದರೆ ಹತ್ತು ಪೈಸೆ ಹುಟ್ಟುವುದಿಲ್ಲ. ಆದರೆ ಯಾವ ಮಡಕೆ ಎಲ್ಲಿ ಇತ್ತು, ಯಾವ ಮಣ್ಣಿನ ಕೆಳಗೆ ಇತ್ತು ಅನ್ನುವುದು ಪುರಾತತ್ವದವರಿಗೆ ಚಿನ್ನ. ಒಂದು ಸಲ ಕೆದಕಿದರೆ ಅದು ಮತ್ತೆ ಸಿಗುವುದಿಲ್ಲ. ಹಾಗಾಗಿ ನೀವೂ ಅಗೆದು ನೋಡಬೇಡಿ. ಕೆದಕಿದ ಮೂಲೆಗೆ ಅದೇ ಮಣ್ಣು ಮುಚ್ಚಿ ಬಿಡಿ.

ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ, ಅಳತೆಗೆ ಒಂದು ಕೋಲು ಪಕ್ಕದಲ್ಲಿಟ್ಟು. ತೂತು ಯಾವ ದಿಕ್ಕಿಗೆ ಇದೆ ಬರೆದಿಡಿ. ಸಂಕದ ಕಲ್ಲಿನ ಫೋಟೊವನ್ನೂ ತೆಗೆಯಿರಿ. ಆದರೆ ಇಲ್ಲಿ ಹಾಕಬೇಡಿ, ನಿಧಿ ಹುಡುಕುವವರೂ ಇದನ್ನು ಓದುತ್ತಾರೆ. ಆಮೇಲೆ ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಕೊಡಿ.

ಕೊಡ್ಲಿಪೇಟೆ ಕಾಕ

ರಾತ್ರಿ ಕೆದಕಿದ್ದಕ್ಕೆ ಪೊಲೀಸ್ ಠಾಣೆಯಲ್ಲಿ ಒಂದು ದೂರು ಇರಲಿ ಮಗ. ನೆಲದಡಿ ಸಿಕ್ಕ ನಿಧಿಗೆ 1962ರ ಕರ್ನಾಟಕದ ಕಾಯ್ದೆಯೇ ಇದೆ, ಸಿಕ್ಕಿದವರು ಬಚ್ಚಿಡುವ ಹಾಗಿಲ್ಲ. ದೂರು ಇದ್ದರೆ ನಾಳೆ ನಿಮ್ಮ ತಲೆಗೆ ಬರುವುದಿಲ್ಲ. ಅಣ್ಣನಿಗೆ ಹೇಳು, ದಾರಿಯನ್ನು ಇಪ್ಪತ್ತು ಅಡಿ ಮೇಲಕ್ಕೆ ತೆಗೆದರೆ ಏರು ಕೂಡ ಕಡಿಮೆ ಆಗುತ್ತೆ, ಮಳೆಗಾಲಕ್ಕೆ ಜೀಪ್ ಹತ್ತುತ್ತೆ.

ನಾಪೋಕ್ಲು ಗದ್ದೆಮನೆ

ಮತ್ತೆ ಆ ಜಾಗಕ್ಕೆ ಗಿಡ ನೆಡಬೇಡಿ. ಸಿಲ್ವರ್ ಓಕ್ ಬೇರು ಚಪ್ಪಡಿಯನ್ನು ಎತ್ತಿ ಹಾಕುತ್ತೆ. ಸುತ್ತ ಕಳೆ ತೆಗೆಸುವುದಾದರೆ ಕತ್ತಿಯಲ್ಲಿ ಸವರಿಸಿ, ಗುದ್ದಲಿ ಬೇಡ.

ಬಾಣೆಯ ಬದಿ

ಕಾಕ, ದಾರಿಯ ಮಾತು ಅಣ್ಣನಿಗೆ ಹಿಡಿಸಿತು. ಇತಿಹಾಸ ಗಿತಿಹಾಸಕ್ಕೆ ಅಲ್ಲ, ಜೀಪ್ ಹತ್ತುತ್ತೆ ಅಂದಿದ್ದಕ್ಕೆ! ಫೋಟೊ ಮೇಷ್ಟ್ರಿಗೆ ಖಾಸಗಿಯಾಗಿ ಕಳಿಸುತ್ತೇನೆ. ಸಂಕದ ಕಲ್ಲನ್ನು ಎತ್ತಿ ಮತ್ತೆ ಮೇಲೆ ಇಡಬೇಕಾ, ಅಲ್ಲೇ ಬಿಡಬೇಕಾ?

ಬಿಸಿಲೂರು

ಅಲ್ಲೇ ಬಿಡಿ. ಇಲಾಖೆಯವರು ಬಂದು ನೋಡುವವರೆಗೆ ಯಾವ ಕಲ್ಲನ್ನೂ ಮುಟ್ಟಬೇಡಿ.